ಹಿತ್ತಾಳೆ ತಗಡು

ರೂವಿಯ ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ ನನ್ನ ಅಂಗಡಿ.
ಟ್ರೋಫಿ, ಶೀಲ್ಡು, ಬಾಗಿಲಿನ ಹೆಸರುಫಲಕ,
ಕೆಲಸ ಮುಗಿಸಿ ಊರಿಗೆ ಹೊರಟವರಿಗೆ ಸ್ಮರಣಿಕೆ.
ಇಪ್ಪತ್ತಾರು ವರ್ಷದಿಂದ ಬೇರೆಯವರ ಗೆಲುವು ಕೆತ್ತುತ್ತಿದ್ದೇನೆ,
ಕಾಗುಣಿತ ತಪ್ಪದ ಹಾಗೆ.

ಮೊನ್ನೆ ವಿನೋದಾ ಕರ್ಕೇರ ಬಂದರು.
ಶಾಲೆಯವರ ಚೀಟಿ ಗಾಜಿನ ಮೇಲಿಟ್ಟರು:
ಸುಮಂತನ ನೆನಪಿಗೆ, ವರ್ಷಕ್ಕೊಬ್ಬ ವಿದ್ಯಾರ್ಥಿಗೆ.
ಇಂಗ್ಲಿಷಿನಲ್ಲಿ ಒಂದು ಸಾಲು, ಅರಬ್ಬಿಯಲ್ಲಿ ಒಂದು.
‘ಕನ್ನಡದಲ್ಲೂ ಒಂದು ಪದ ಬೇಕಿತ್ತು.
ಅವನಿಗೆ ಓದಲಿಕ್ಕೆ ಬರ್ತಿರಲಿಲ್ಲ. ಆದರೂ.’

ಯಾವ ಪದ?
ದಯೆ, ಎಂದೆ. ಅದು ಮೇಲಿನಿಂದ ಬೀಳುತ್ತದಲ್ಲ, ಎಂದರು.
ಅನುಕಂಪ? ಭಾವ ತೀರಿಕೊಂಡ ಮೇಲೆ ಅಕ್ಕನಿಗೆ
ತಾಲೂಕು ಕಚೇರಿಯಲ್ಲಿ ಸಿಕ್ಕ ನೌಕರಿಯ ಹೆಸರದು.
ಕನಿಕರ, ಮರುಕ, ಎರಡೂ ಹೊಸಿಲಲ್ಲೇ ನಿಂತು ನೋಡುತ್ತವೆ,
ಚಪ್ಪಲಿ ಕಳಚುವುದಿಲ್ಲ.
ಹೊರಗೆ ವಾದಿ ಕಬೀರಿನ ಬಸ್ಸು ಹಾರನ್ನು ಹೊಡೆಯಿತು.
ನನ್ನ ಕ್ಯಾಲ್ಕುಲೇಟರಿನ ಗುಂಡಿಗಳನ್ನು
ಸುಮ್ಮನೆ ಒತ್ತುತ್ತ ನಿಂತರು.

ಅರ್ಜಿಗಳು ಹದಿನಾಲ್ಕು ಬಂದಿವೆಯಂತೆ,
ಕಂಬಳಿ ಹಂಚುವ ಫೋಟೊ ಸಮೇತ.
‘ಬಸ್ಸಿನ ಆಯಾಳನ್ನು ಕೇಳಿ ಅಂದೆ ಪ್ರಿನ್ಸಿಪಾಲರಿಗೆ.
ಅವರಿಗೆ ಅರ್ಥವಾಗಲಿಲ್ಲ.’

ನನಗೆ ಆಯಿತು. ಹೇಳಲಿಲ್ಲ.
ಅವನು ಒಮ್ಮೆ ಇಲ್ಲಿಗೆ ಬಂದಿದ್ದ, ಒಬ್ಬನೇ,
ಏಳನೇ ತರಗತಿ, ಕ್ರೀಡಾದಿನ ಕಳೆದು ಮೂರು ವಾರಕ್ಕೆ.
ಮೊಣಕಾಲಲ್ಲಿ ಇನ್ನೂ ಹಕ್ಕಳೆ. ಬ್ಯಾಗಿನಲ್ಲಿ ಗೇಣುದ್ದದ ಟ್ರೋಫಿ:
ನಾನೂರು ಮೀಟರ್, ಎರಡನೇ ಸ್ಥಾನ, ಸುಮಂತ್ ಕರ್ಕೇರ.
ನಾನೇ ಕೆತ್ತಿದ್ದು.

‘ಅಂಕಲ್, ನನ್ನ ಹೆಸರು ಉಜ್ಜಿ ತೆಗೀಲಿಕ್ಕೆ ಆಗ್ತದಾ?
ಹಾಶಿಮ್ ಅಂತ ಬರೀಬೇಕು.’
ಹಾಶಿಮ್ ಯಾರು?
‘ಬಸ್ಸಲ್ಲಿ ನನ್ನ ಪಕ್ಕ ಕೂರ್ತಾನೆ.’
ಓಡ್ತಾನಾ?
‘ಇಲ್ಲ. ವಾಂತಿ ಮಾಡ್ತಾನೆ, ದಿನಾ.
ಆದ್ರೂ ದಿನಾ ಬರ್ತಾನೆ.’

ಕಿಸೆಗೆ ಕೈ ಹಾಕಿದ.
ಒಣಗಿದ ನಿಂಬೆಸಿಪ್ಪೆ, ಮಡಚಿಟ್ಟ ಎರಡು ಪ್ಲಾಸ್ಟಿಕ್ ಚೀಲ,
ಎಲ್ಲಕ್ಕಿಂತ ಕೊನೆಗೆ ದುಡ್ಡು.

ಹಿತ್ತಾಳೆಗೆ ಮರೆವಿಲ್ಲ ಮಗಾ,
ಎಷ್ಟು ಉಜ್ಜಿದರೂ ಬೆಳಕಿಗೆ ಹಿಡಿದರೆ ಕಾಣುತ್ತದೆ.
ತಗಡನ್ನೇ ಬದಲಿಸಿದೆ. ಹಾಶಿಮ್. ದಿನಾ ಬಂದದ್ದಕ್ಕೆ.
ಎರಡನೇ ಸ್ಥಾನ ಅಂತ ಇರಲಾ, ಎಂದು ಕೇಳಿದರೆ
ಕತ್ತು ಓರೆ ಮಾಡಿ ಯೋಚಿಸಿದ:
‘ಒಂದನೇದು ಅಂತ ಹಾಕಿ. ಅದರಲ್ಲಿ ಬೇರೆ ಯಾರೂ ಓಡ್ಲೇ ಇಲ್ಲ.’
ದುಡ್ಡು ತೆಗೆದುಕೊಂಡೆ, ಅದನ್ನೂ ಹೇಳಬೇಕು.
ಮುನ್ನೂರು ಬೈಸಾ. ಎಣಿಸಿಯೇ.

ಹದಿನಾರಕ್ಕೆ ಹೋದ. ನಾಲ್ಕು ದಿನದ ಜ್ವರ.

‘ಯಾರಾದರೂ ಅತ್ತರೆ ಅವನಿಗೆ ಹೊಟ್ಟೆನೋವು ಬರ್ತಿತ್ತು,’
ಅಂದರು ವಿನೋದಾ, ಗುಂಡಿ ಒತ್ತುವುದು ನಿಲ್ಲಿಸಿ.
‘ಚಿಕ್ಕಂದಿನಲ್ಲಿ ಡಾಕ್ಟರಿಗೆ ತೋರಿಸಿದ್ದೆ, ಸ್ಕ್ಯಾನ್ ಕೂಡ.
ಏನೂ ಸಿಗಲಿಲ್ಲ.’
ಮತ್ತೆ, ಬಹಳ ಹೊತ್ತಿನ ಮೇಲೆ:
‘ಕರುಳು ಅಂತ ಬರೆಯಿರಿ.’

ಲೇಸರ್ ಯಂತ್ರಕ್ಕೆ ಕನ್ನಡ ಬಾರದು,
ಅಕ್ಷರ ಕೊಟ್ಟರೆ ಖಾಲಿ ಚೌಕ ಉಗುಳುತ್ತದೆ.
ಊರಿನಿಂದ ತಂದ ಹಳೆಯ ಉಳಿ ಹುಡುಕಿದೆ.
ಕ. ರು. ಳು.
ಕೊನೆಯ ಕೊಂಬು ತುಸು ಓರೆಯಾಯಿತು. ಹಾಗೇ ಬಿಟ್ಟೆ.

ಆಮೇಲೆ ಡ್ರಾವರಿನ ತಳ ಕೆದಕಿದೆ.
ಸ್ಕ್ರೂ, ರಿಬ್ಬನ್ನು, ರೆಕ್ಕೆ ಮುರಿದ ಪ್ಲಾಸ್ಟಿಕ್ ದೇವತೆಯರ ನಡುವೆ
ಇತ್ತು, ಕಿಲುಬು ಹಿಡಿದು: ನಾನೂರು ಮೀಟರ್, ಎರಡನೇ ಸ್ಥಾನ.
ಪೀಠದಡಿಯ ಹಸಿರು ಬಟ್ಟೆ ಬಿಡಿಸಿ
ಮುಖ ಒಳಗಾಗಿ ಅಂಟಿಸಿ ಮುಚ್ಚಿದೆ.
ಮುಂದಿನ ವಾರ ಯಾವುದೋ ಮಗು ಅದನ್ನು ಎತ್ತಿ ಹಿಡಿಯುತ್ತದೆ,
ಇರಬೇಕಾದ್ದಕ್ಕಿಂತ ನಾಲ್ಕು ಗ್ರಾಂ ಹೆಚ್ಚು.

ಬಿಲ್ಲು ಬರೆದೆ:
ಕನ್ನಡ ಅಕ್ಷರ ಮೂರು, ಮುನ್ನೂರು ಬೈಸಾ.
ಮುಂಗಡ ಸಂದಿದೆ.